ಅಪ್‌ಡೇಟ್: ಗೆಣಸು ತಿನ್ನುತ್ತಿದ್ದದ್ದು ಯಾರು ಅಂತ ಗೊತ್ತಾಯಿತು

ಖಾನಾಪುರದ ಕಾಡಂಚಿನಲ್ಲಿರುವ ನಮ್ಮ ಪುಟ್ಟ ಮನೆಯ ಹಿತ್ತಲಲ್ಲಿ ರಾತ್ರಿ ಏನೋ ಬಂದು ಗೆಣಸು ಅಗೆದು ತಿನ್ನುತ್ತಿದೆ, ಕಾಡುಹಂದಿ ಇರಬೇಕು, ಏನು ಮಾಡಲಿ ಅಂತ ಹದಿನೈದು ದಿನದ ಹಿಂದೆ ಕೇಳಿದ್ದೆ. ಅದು ಮುಳ್ಳುಹಂದಿ! ಬಳ್ಳಿ ಸಂದಿಯಲ್ಲಿ ಗೇಣುದ್ದದ ಮುಳ್ಳು ಸಿಕ್ಕಿತು. ಕಪ್ಪು ಬಿಳಿ ಪಟ್ಟೆ, ತುದಿ ಸೂಜಿ ಹಾಗೆ. ಅರ್ಧ ತಿಂದು ಬಿಟ್ಟ ಗೆಣಸಿನ ಮೇಲೆ ಉಳಿಯಿಂದ ಕೆತ್ತಿದ ಹಾಗೆ ಹಲ್ಲಿನ ಗೆರೆ.

ಖಾರದ ಪುಡಿ ಒಂದೇ ಮಳೆಗೆ ತೊಳೆದು ಹೋಯಿತು. ರಾತ್ರಿಯಿಡೀ ಬಲ್ಬ್ ಹಾಕಿದ್ದು ಎರಡೇ ದಿನ ನಡೆಯಿತು. ಮೂರನೇ ರಾತ್ರಿ ಬೆಳಕಲ್ಲೇ ಬಂದು ತಿಂದು ಹೋಗಿದೆ. ಕೆಲಸಕ್ಕೆ ಬಂದದ್ದು ಬೈಲಹೊಂಗಲದ ಅಕ್ಕಾವರು ಹೇಳಿದ ಉಪಾಯ, ತಗಡು. "ಮೇಲೆ ಎಷ್ಟು ಎತ್ತರ ಅನ್ನೋದಕ್ಕಿಂತ ನೆಲದೊಳಗೆ ಎಷ್ಟು ಆಳ ಅನ್ನೋದು ನೋಡ್ರಿ" ಅಂದಿದ್ದರು. ಸುತ್ತಲೂ ಒಂದೂವರೆ ಅಡಿ ತಗ್ಗು ತೋಡಿ ಹಳೇ ತಗಡು ಹೂತು, ಮೇಲೆ ಎರಡಡಿ ಬಿಟ್ಟೆವು. ಒಂದು ಮೂಲೆಯಲ್ಲಿ ಕೆರೆದ ಗುರುತಿದೆ, ಆದರೆ ಒಳಗೆ ಬಂದಿಲ್ಲ. ಇವತ್ತಿಗೆ ಒಂಬತ್ತು ರಾತ್ರಿ ಆಯಿತು.

ಉರುಳು, ಕರೆಂಟ್ ತಂತಿ ಅಂತ ಹೇಳಿದವರಿಗೆ: ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇದಕ್ಕೆ ರಕ್ಷಣೆ ಇದೆ, ಮತ್ತೆ ಅದನ್ನು ಕೊಲ್ಲುವ ಮನಸ್ಸೂ ನನಗಿಲ್ಲ.

ಮುಳ್ಳನ್ನು ಬಾಣದ ಹಾಗೆ ಎಸೆಯುತ್ತದೆ ಅಂತ ನಾನೂ ನಂಬಿದ್ದೆ. ಸುಳ್ಳು. ಹಿಂದಕ್ಕೆ ನುಗ್ಗಿ ಚುಚ್ಚುತ್ತದೆ, ಮುಳ್ಳು ಕಳಚಿ ಅಲ್ಲೇ ಉಳಿಯುತ್ತದೆ. ಅದಕ್ಕೇ ನಾಯಿಯನ್ನು ರಾತ್ರಿ ಕಟ್ಟಿ ಹಾಕುತ್ತೇವೆ. ಇನ್ನೊಂದು, ಬಿಲದ ಬಾಯಲ್ಲಿ ಕಡಿದ ಎಲುಬು ಬಿದ್ದಿತ್ತು. ಸುಣ್ಣದ ಅಂಶಕ್ಕಾಗಿ ಎಲುಬು, ಉದುರಿದ ಜಿಂಕೆ ಕೊಂಬು ಎಲ್ಲ ಕಡಿಯುತ್ತದಂತೆ!