ಹಾರುವ ಹಕ್ಕಿ ಮಸುಕು, ಮೇಲಾಗಿ ಕಪ್ಪು: ಕ್ಯಾಮೆರಾ ಸೆಟ್ಟಿಂಗ್ ಹೇಗಿರಬೇಕು?

ಕೆರೆದಂಡೆ:
400 ಎಂಎಂ ಲೆನ್ಸ್, ಎಫ್ 5.6 (ಲೆನ್ಸ್ ತೆರೆದಿರೋ ಅಳತೆ), ಶಟರ್ 1/500 ಸೆಕೆಂಡ್. ಕೂತ ಮಿಂಚುಳ್ಳಿ ಚೆನ್ನಾಗಿ ಬರುತ್ತೆ. ಹಾರುವ ಗರುಡ ಮಾತ್ರ ಆಕಾಶದೆದುರು ಬರೀ ಕರಿ ಆಕೃತಿ, ರೆಕ್ಕೆಯ ತುದಿಯೂ ಮಸುಕು. ಏನು ಬದಲಿಸಲಿ?

ಬಿದಿರುಮೆಳೆ:
ಮೊದಲು ಶಟರ್. ತೇಲುವ ಗರುಡಕ್ಕೆ 1/1600 ಸಾಕು. ಮಿಂಚುಳ್ಳಿ ಹಾರುವಾಗ 1/3200 ಬೇಕು. ಮ್ಯಾನುಯಲ್ ಮೋಡ್‌ನಲ್ಲಿ ಆಟೋ ಐಎಸ್‌ಒ ಇಡಿ (ಶಟರ್, ಎಫ್ ನೀವು ಇಡ್ತೀರಿ, ಬೆಳಕಿನ ಸಂವೇದನೆಯನ್ನ ಕ್ಯಾಮೆರಾನೇ ಹೊಂದಿಸುತ್ತೆ), ಮಿತಿ 3200. ನಾಯ್ಸ್ (ಐಎಸ್‌ಒ ಏರಿದಾಗ ಚಿತ್ರದಲ್ಲಿ ಕಾಣೋ ಕಾಳುಕಾಳು) ಆಮೇಲೆ ತಗ್ಗಿಸಬಹುದು, ಅಲುಗಿದ ಚಿತ್ರಕ್ಕೆ ಮದ್ದಿಲ್ಲ.

ಕಪ್ಪಾಗೋದು ಕ್ಯಾಮೆರಾದ ಬೆಳಕು ಅಳೆಯೋ ಮೀಟರ್ ಆಕಾಶದ ಬೆಳಕನ್ನೇ ಲೆಕ್ಕಕ್ಕೆ ತಗೊಳ್ಳೋದರಿಂದ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಚಿತ್ರವನ್ನ ಬೇಕಂತಲೇ ಬೆಳಗಿಸೋ ಅಥವಾ ಕಪ್ಪಾಗಿಸೋ ಸೆಟ್ಟಿಂಗ್) +1ರಿಂದ +1.7ರವರೆಗೆ ಏರಿಸಿ. ಅದೇ ಹಕ್ಕಿ ಮರಗಳ ಮುಂದೆ ಬಂತೋ, ತಕ್ಷಣ 0ಗೆ ಇಳಿಸಿ. ಕಡು ಹಿನ್ನೆಲೆಯ ಬೆಳ್ಳಕ್ಕಿಗೆ −0.7, ಇಲ್ಲದಿದ್ದರೆ ಗರಿಯ ವಿವರ ಪೂರ್ತಿ ಬಿಳಿಚಿಕೊಳ್ಳುತ್ತೆ. ರಾ ಫೈಲ್‌ನಲ್ಲೂ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಅದು ಮರಳಿ ಸಿಗೋದು ಕಷ್ಟ.

ಗುಬ್ಬಿಗೂಡು:
ಫೋಕಸ್ ಬಗ್ಗೆ ಯಾರೂ ಹೇಳಲಿಲ್ಲ! ಕಂಟಿನ್ಯೂಯಸ್ ಮೋಡ್ ಇರಲಿ, ಹಕ್ಕಿ ಚಲಿಸಿದಂತೆ ಫೋಕಸ್ ಹಿಂಬಾಲಿಸುತ್ತೆ. ಲೆನ್ಸ್‌ನಲ್ಲಿ ಫೋಕಸ್ ಲಿಮಿಟರ್ (ಫೋಕಸ್ ಹುಡುಕೋ ದೂರಕ್ಕೆ ಮಿತಿ ಹಾಕೋ ಸ್ವಿಚ್) ಇದ್ದರೆ ದೂರದ ವ್ಯಾಪ್ತಿಗೆ ತಿರುಗಿಸಿ, ಹಕ್ಕಿ ತಪ್ಪಿದಾಗ ಲೆನ್ಸ್ ಹತ್ತಿರದವರೆಗೂ ಹುಡುಕಾಡಲ್ಲ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳ್ತವೆ. ಗಾಳಿ, ಬಿಸಿಲು ಎರಡೂ ಬೆನ್ನಿಗಿರೋ ಜಾಗ ಸಿಕ್ಕರೆ ಮುಖ ನಿಮ್ಮ ಕಡೆಗೇ.

ಕೆರೆದಂಡೆ:
ಮಧ್ಯಾಹ್ನ ಎಲ್ಲಾ ಸರಿಯಿದ್ದೂ ಮಸುಕಾಗುತ್ತಲ್ಲ?

ಬಿದಿರುಮೆಳೆ:
ಅದು ಕಾದ ನೆಲದಿಂದೇಳುವ ಬಿಸಿಗಾಳಿ. ಯಾವ ಸೆಟ್ಟಿಂಗೂ ಕೆಲಸ ಮಾಡಲ್ಲ. ಹತ್ತಿರದ ಹಕ್ಕಿ ತೆಗೀರಿ, ಇಲ್ಲವೇ ಬೆಳಿಗ್ಗೆ ಬೇಗ ಹೋಗಿ.