ಸಹಾಯ ಬೇಕು: ಸಕ್ಕರೆ ನೀರು ಮಾತ್ರ ಯಾಕೆ ನೀಲಿಯಾಗೇ ಉಳಿಯುತ್ತದೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು. ಮಗಳು ಮೊದಲ ಪಿಯುಸಿ ಸೈನ್ಸ್, ಜೈವಿಕ ಅಣುಗಳ ಪಾಠ ನಡೆಯುತ್ತಿದೆ. ನಾನು ಓದಿದ್ದು ಬಿಕಾಂ, ಆದರೂ ಪಕ್ಕದಲ್ಲಿ ಕೂತು ಓದಿಸುತ್ತೇನೆ.

ಅನ್ನದ ಗಂಜಿಗೆ ಅಯೋಡಿನ್ ಹಾಕಿದಾಗ ಕಡುನೀಲಿ ಬಂತು. ಅದು ಪಿಷ್ಟ, ಅರ್ಥವಾಯಿತು. ನಮ್ಮೂರಲ್ಲಿ ಅಕ್ಕಿಗೇನು ಬರ! ತೊಡಕು ಶುರುವಾಗಿದ್ದು ಬೆನೆಡಿಕ್ಟ್ ದ್ರಾವಣದಿಂದ (ಕೆಲವು ಬಗೆಯ ಸಕ್ಕರೆ ಜೊತೆ ಬಿಸಿ ಮಾಡಿದರೆ ಬಣ್ಣ ಬದಲಿಸುವ ನೀಲಿ ದ್ರಾವಣ). ಪರಿಚಯದ ಲೆಕ್ಚರರ್ ಒಬ್ಬರು ಸ್ವಲ್ಪ ಕೊಟ್ಟಿದ್ದರು. ಗ್ಲೂಕೋಸ್ ನೀರಿಗೆ ಹಾಕಿ ಬಿಸಿ ಮಾಡಿದರೆ ಇಟ್ಟಿಗೆ ಕೆಂಪು. ಹಾಲಿಗೂ ಬಣ್ಣ ತಿರುಗಿತು. ಸಕ್ಕರೆ ನೀರು ಮಾತ್ರ ಜಪ್ಪಯ್ಯ ಅಂದರೂ ನೀಲಿ ಬಿಡಲಿಲ್ಲ. ಹೊಸ ಪ್ಯಾಕೆಟ್ ಒಡೆದು ನೋಡಿದೆವು, ಅದೇ ಕಥೆ. ಆಮೇಲೆ ಸಕ್ಕರೆ ನೀರಿಗೆ ನಿಂಬೆರಸ ಹಿಂಡಿ ಚೆನ್ನಾಗಿ ಕುದಿಸಿ, ಹುಳಿ ಹೋಗಲೆಂದು ಅಡುಗೆ ಸೋಡಾ ಹಾಕಿ ಪರೀಕ್ಷೆ ಮಾಡಿದೆವು. ಆಗ ಕೆಂಪು ಬಂತು! ಸುಕ್ರೋಸ್, ಅಂದರೆ ನಮ್ಮ ಅಡುಗೆಮನೆ ಸಕ್ಕರೆ, ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆ ಆಯಿತು. ಅಲ್ಲಿಯವರೆಗೆ ಸರಿ.

ಸಿಕ್ಕಿಕೊಂಡಿರುವುದು ಇಲ್ಲಿ. ಹಾಲಿನ ಲ್ಯಾಕ್ಟೋಸ್ ಕೂಡ ಎರಡು ಸಕ್ಕರೆ ಸೇರಿ ಆದದ್ದೇ ಅಲ್ವಾ? ಸುಕ್ರೋಸ್, ಲ್ಯಾಕ್ಟೋಸ್ ಎರಡರ ಸೂತ್ರವೂ ಸಿ12ಎಚ್22ಒ11. ಲ್ಯಾಕ್ಟೋಸನ್ನು ಒಡೆಯದೆಯೇ ಕೆಂಪು ಬರುತ್ತದೆ. ಪುಸ್ತಕದ ಪ್ರಕಾರ ಲ್ಯಾಕ್ಟೋಸ್‌ನಲ್ಲಿ ಗ್ಯಾಲಕ್ಟೋಸ್‌ನ 1ನೇ ಕಾರ್ಬನ್ ಗ್ಲೂಕೋಸ್‌ನ 4ನೇ ಕಾರ್ಬನ್‌ಗೆ ಅಂಟಿದೆ. ಸುಕ್ರೋಸ್‌ನಲ್ಲಿ ಗ್ಲೂಕೋಸ್‌ನ 1, ಫ್ರಕ್ಟೋಸ್‌ನ 2. ಉತ್ತರ ಈ ನಂಬರಿನಲ್ಲೇ ಇರಬೇಕು ಅಂತ ನನ್ನ ಅನುಮಾನ. ಸುಮ್ನೆ ಬಾಯಿಪಾಠ ಮಾಡು ಅನ್ನಲು ಮನಸ್ಸಿಲ್ಲ.

ಬಲ್ಲವರು ಹೇಳಿ: ಕೊಂಡಿ 4ರ ಬದಲು 2ಕ್ಕೆ ಬಿದ್ದರೆ ಸುಕ್ರೋಸ್ ಬಣ್ಣ ಬದಲಿಸುವ ಶಕ್ತಿ ಕಳೆದುಕೊಳ್ಳುವುದು ಯಾಕೆ?