ಹೊಸ ಕಾರು ಎಡಕ್ಕೆ ಎಳೆಯುತ್ತಿದೆ, ಅಲೈನ್‌ಮೆಂಟ್ ರಿಪೋರ್ಟ್ ಮಾತ್ರ ಎಲ್ಲಾ ಸರಿ ಅನ್ನುತ್ತಿದೆ. ದಯವಿಟ್ಟು ಸಹಾಯ ಮಾಡಿ

ತುಂಗಾತೀರ:
ಡೆಲಿವರಿ ತಗೊಂಡ ದಿನದಿಂದ ಕಾರು ಎಡಕ್ಕೆ ಎಳೆಯುತ್ತಿದೆ. ಶೋರೂಮಿನವರು ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಮಾಡಿದರು, ಹೋಗಲಿಲ್ಲ. ಮತ್ತೆ ಮಾಡಿದರು, ಆಗಲೂ ಹೋಗಲಿಲ್ಲ. ಕೇಳಿದರೆ ರಿಪೋರ್ಟ್ ಮುಂದೆ ಹಿಡಿದು "ನೋಡಿ ಸರ್, ಎಲ್ಲಾ ಹಸಿರು" ಅಂತಾರೆ. ಸಾಲ ಮಾಡಿ ತಗೊಂಡ ಗಾಡಿ, ಕಂತು ಶುರುವಾಗಿದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವಷ್ಟರಲ್ಲಿ ಬಲಗೈ ನೋವು ಬರುತ್ತೆ. ಏನು ಮಾಡಲಿ?

ಘಾಟಿ ಸವಾರ:
ರಸ್ತೆ ಸರ್, ರಸ್ತೆ. ಮಳೆ ನೀರು ನಿಲ್ಲಬಾರದು ಅಂತ ನಮ್ಮ ರಸ್ತೆಗಳನ್ನು ಮಧ್ಯೆ ಎತ್ತರಿಸಿ, ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ನಾವು ಓಡಿಸುವುದು ಎಡಕ್ಕೆ. ಸ್ಟೇರಿಂಗ್ ಬಿಟ್ಟರೆ ಯಾವ ಕಾರಾದರೂ ನಿಧಾನಕ್ಕೆ ಎಡಕ್ಕೇ ಹೋಗುತ್ತೆ. ಗಾಡಿ ಸರಿಯಾಗಿದೆ.

ಮೈಲೇಜ್ ಮಾವ:
ಮೊದಲು ಗಾಳಿ ನೋಡಿ. ಹೊಸ ಗಾಡಿ ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿರುತ್ತೆ. ಟೈರು ಒಂದೇ ಕಡೆ ಚಪ್ಪಟೆ ಆಗಬಾರದು ಅಂತ ಜಾಸ್ತಿ ಗಾಳಿ ತುಂಬಿರುತ್ತಾರೆ, ಡೆಲಿವರಿ ಗಡಿಬಿಡಿಯಲ್ಲಿ ಇಳಿಸುವುದು ಬಿಟ್ಟುಹೋಗುತ್ತೆ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಪಕ್ಕದ ಕಂಬದ ಮೇಲೆ ಸ್ಟಿಕ್ಕರ್ ಇರುತ್ತೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ನೋಡಬೇಕು. ನಾಲ್ಕಕ್ಕೂ ನೈಟ್ರೋಜನ್ ಹಾಕಿಸಿಬಿಡಿ, ನೆಮ್ಮದಿ.

ಟಾರ್ಕ್ ರೆಂಚ್:
ನೈಟ್ರೋಜನ್ ಯಾಕೆ? ಮಾಮೂಲಿ ಗಾಳಿಯಲ್ಲೇ 78% ನೈಟ್ರೋಜನ್ ಇದೆ. ದುಡ್ಡು ದಂಡ.

ಮೈಲೇಜ್ ಮಾವ:
ಗಾಳಿ ಬೇಗ ಇಳಿಯಲ್ಲ ಅಂತ ಹೇಳಿದ್ದು. ನಾನು ವರ್ಷಗಳಿಂದ ಅದನ್ನೇ ಹಾಕಿಸುತ್ತಿದ್ದೇನೆ.

ಟಾರ್ಕ್ ರೆಂಚ್:
ತಿಂಗಳಿಗೆ ಎರಡು ಸಲ ಗಾಳಿ ನೋಡುವವರಿಗೆ ಅದು ಬೇಕಾಗಿಲ್ಲ. ಅವರು ಕೇಳಿದ್ದು ಎಳೆತದ ಬಗ್ಗೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ತುಂಗಾತೀರ:
ಗಾಳಿ ನಾಲ್ಕರಲ್ಲೂ 33 psi ಇದೆ, ನಾನೇ ನೋಡಿದೆ. ರಸ್ತೆಯೂ ಅಲ್ಲ. ಅದೇ ರಸ್ತೆಯಲ್ಲಿ ನಮ್ಮಣ್ಣನ ಹಳೇ ಕಾರು ನೆಟ್ಟಗೆ ಹೋಗುತ್ತೆ.

ಘಾಟಿ ಸವಾರ:
ಡಿವೈಡರ್ ಇರುವ ಹೆದ್ದಾರಿಯಲ್ಲೂ ಸಾಮಾನ್ಯವಾಗಿ ಇಳಿಜಾರು ಎಡಕ್ಕೇ ಇರುತ್ತೆ, ಬಲಗಡೆ ಲೇನಿಗೆ ಬಂದರೂ ಅಷ್ಟೆ. ಗಾಡಿ ಇಲ್ಲದ ಹೊಸ ಲೇಔಟಿನಲ್ಲಿ ಅಗಲವಾದ ರಸ್ತೆ ಹುಡುಕಿ. ಒಂದೇ ಪಟ್ಟಿಯ ಮೇಲೆ ಆ ಕಡೆಯಿಂದಲೂ ಈ ಕಡೆಯಿಂದಲೂ ಓಡಿಸಿ. ದಿಕ್ಕು ಬದಲಾದಾಗ ಎಳೆತವೂ ಬದಲಾದರೆ ರಸ್ತೆ.

ಟೈ ರಾಡ್:
ಎಳೆಯುತ್ತೆ ಅಂದರೆ ಹೇಗೆ, ಅದನ್ನು ಹೇಳಿ ಮೊದಲು. ಕೈ ಬಿಟ್ಟರೆ ಗಾಡಿ ಎಡಕ್ಕೆ ಹೋಗುತ್ತದೆಯೋ? ಅಥವಾ ಗಾಡಿ ನೆಟ್ಟಗೇ ಹೋಗುವಾಗ ಸ್ಟೇರಿಂಗ್ ಸೊಟ್ಟಗೆ ನಿಂತಿರುತ್ತದೆಯೋ? ಇವೆರಡೂ ಬೇರೆ ಬೇರೆ ಕಾಯಿಲೆ. ಸ್ಟೇರಿಂಗ್ ಸೊಟ್ಟ ಇದ್ದರೆ ಟೋ (ಮೇಲಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಹೊಂದಿಸುವಾಗ ಸ್ಟೇರಿಂಗನ್ನು ಮಧ್ಯಕ್ಕೆ ಲಾಕ್ ಮಾಡಿಲ್ಲ ಅಂತ ಅರ್ಥ. ಬರೀ ಮುಂದಿನ ಟೋ ಕೆಟ್ಟರೆ ಟೈರಿನ ಅಂಚು ಸವೆಯುತ್ತೆ, ಗಾಡಿ ಒಂದು ಕಡೆಗೆ ಎಳೆಯುವುದಿಲ್ಲ. ಎರಡೂ ಚಕ್ರ ಅದನ್ನು ಸಮನಾಗಿ ಹಂಚಿಕೊಂಡುಬಿಡುತ್ತವೆ. ಎಳೆಯುವುದು ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ವಾಲಿರುವ ಕೋನ), ಕ್ಯಾಸ್ಟರ್ (ಪಕ್ಕದಿಂದ ನೋಡಿದರೆ ಚಕ್ರ ಹೊರಳುವ ಅಕ್ಷ ವಾಲಿರುವ ಕೋನ) ಎಡ ಬಲ ಹೊಂದದಿದ್ದಾಗ, ಬ್ರೇಕ್ ಹಿಡಿದುಕೊಂಡಿದ್ದಾಗ, ಇಲ್ಲವೇ ಟೈರೇ ಸರಿ ಇಲ್ಲದಿದ್ದಾಗ. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಹೊಂದಿಸಲು ಬರುವುದು ಮುಂದಿನ ಟೋ ಒಂದೇ. ಶೋರೂಮಿನವರು ಇನ್ನೂ ಹತ್ತು ಸಲ ಅದನ್ನೇ ತಿರುಗಿಸಿದರೂ ನಿಮ್ಮ ಎಳೆತ ಹೋಗಲ್ಲ. ರಿಪೋರ್ಟ್ ಅಂಕಿ ಹಾಕಿ.

ಜಲ್ಲಿ ರಸ್ತೆ:
ನಾನು 17 ಇಂಚಿನ ಅಲಾಯ್ ಹಾಕಿಸಿದ ಮೇಲೆ ಗಾಡಿ ರೈಲಿನ ಹಾಗೆ ನೆಟ್ಟಗೆ ಹೋಗುತ್ತೆ. ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಹೋಗುವಾಗಲೂ ಒಂದೇ ಬೆರಳು ಸಾಕು. ಸಸ್ಪೆನ್ಷನ್ನೂ ಬದಲಾಯಿಸಿದ್ದೇನೆ, ಫೋಟೋ ಬೇಕಾದರೆ ಹೇಳಿ.

ತುಂಗಾತೀರ:
ಕೈ ಬಿಟ್ಟರೆ ಎಡಕ್ಕೆ ಹೋಗುತ್ತೆ. ಸ್ಟೇರಿಂಗ್ ನೆಟ್ಟಗಿದೆ. ಕ್ಯಾಂಬರ್ ಎಡಕ್ಕೆ ಮೈನಸ್ 0.4 ಡಿಗ್ರಿ, ಬಲಕ್ಕೆ ಮೈನಸ್ 0.3. ಕ್ಯಾಸ್ಟರ್ ಹೆಚ್ಚೂಕಮ್ಮಿ ಒಂದೇ. ಮೇಲಿನವರು ಅಲಾಯ್ ಅಂದಿದ್ದಕ್ಕೆ ಕೇಳುತ್ತೇನೆ, ನನ್ನದೂ ಕಂಪನಿ ಟೈರಲ್ಲ. ಡೆಲಿವರಿಗೆ ಮುಂಚೆ ಶೋರೂಮಿನಲ್ಲೇ ಅಗಲ ಜಾಸ್ತಿ ಇರುವ ಟೈರು, ಅಲಾಯ್ ಹಾಕಿಸಿದ್ದೆ. ಅದಕ್ಕೇನಾದರೂ ಸಂಬಂಧ ಇದೆಯಾ?

ಟೈ ರಾಡ್:
ಬಹಳ ಇದೆ! ಕ್ಯಾಂಬರ್ ವ್ಯತ್ಯಾಸ ಇಷ್ಟು ಕಡಿಮೆ ಇದ್ದರೆ ಅದನ್ನು ಬಿಡಿ, ಟೈರಿಗೆ ಬನ್ನಿ. ಟೈರಿನೊಳಗಿನ ಉಕ್ಕಿನ ಬೆಲ್ಟ್ ಒಂದು ಬದಿಗೆ ಚೂರು ಸರಿದು ಕೂತಿದ್ದರೆ ಆ ಟೈರು ಒಂದೇ ಕಡೆಗೆ ತಳ್ಳುತ್ತಿರುತ್ತೆ. ಪೇಪರ್ ಲೋಟ ಉರುಳಿಸಿದರೆ ಬಾಗಿಕೊಂಡು ಹೋಗುತ್ತಲ್ಲ, ಹಾಗೆ. ಕಣ್ಣಿಗೆ ಕಾಣಲ್ಲ, ಅಲೈನ್‌ಮೆಂಟ್ ಮಷೀನಿಗೂ ಸಿಗಲ್ಲ. ಮುಂದಿನ ಎರಡು ಚಕ್ರ ಎಡ ಬಲ ಅದಲುಬದಲು ಮಾಡಿ ನೋಡಿ. ಟೈರಿನ ಗೋಡೆಯ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಹಾಗೆ ಮಾಡಬೇಡಿ, ಅದೇ ಬದಿಯ ಹಿಂದಿನ ಚಕ್ರದ ಜೊತೆ ಬದಲಾಯಿಸಿ.

ಘಾಟಿ ಸವಾರ:
ಅಗಲದ ಟೈರು ರಸ್ತೆಯ ಇಳಿಜಾರನ್ನು ಇನ್ನೂ ಜಾಸ್ತಿ ಹಿಡಿಯುತ್ತೆ. ನಾನು ಮೊದಲಿಂದ ಹೇಳುತ್ತಿರುವುದೂ ಅದೇ.

ತುಂಗಾತೀರ:
ಬಾಣ ಇರಲಿಲ್ಲ. ಮನೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಮುಂದಿನವು ಅದಲುಬದಲು ಮಾಡಿಸಿದೆ. ಎಡಕ್ಕೆ ಎಳೆಯುವುದು ನಿಂತಿತು, ಈಗ ಬಲಕ್ಕೆ ಎಳೆಯುತ್ತೆ! ಮೊದಲಿನಷ್ಟು ಇಲ್ಲ.

ಟೈ ರಾಡ್:
ಹಾಗಾದರೆ ಟೈರೇ. ಗಾಡಿಯಲ್ಲಿ ದೋಷ ಇದ್ದಿದ್ದರೆ ಎಳೆತ ಎಡಕ್ಕೇ ಉಳಿಯುತ್ತಿತ್ತು.

ಘಾಟಿ ಸವಾರ:
ಬಲಕ್ಕೆ ಯಾಕೆ ಕಡಿಮೆ? ರಸ್ತೆ ಎಡಕ್ಕೆ ಇಳಿಜಾರು ಇರುವುದಕ್ಕೆ. ಮೊದಲು ಟೈರು, ರಸ್ತೆ ಎರಡೂ ಸೇರಿ ಎಡಕ್ಕೆ ಎಳೆಯುತ್ತಿದ್ದವು.

ಟೈ ರಾಡ್:
ಅದು ನಿಜ, ಒಪ್ಪಿದೆ. ತುಂಗಾತೀರ ಅವರೇ, ಈಗ ಮುಂದಿನ ಎರಡು ಟೈರಿನಲ್ಲಿ ಕೆಟ್ಟದ್ದು ಯಾವುದು ಅಂತ ಹಿಡಿಯಬೇಕು. ಮುಂದಿನ ಒಂದು ಚಕ್ರವನ್ನು ಅದೇ ಬದಿಯ ಹಿಂದಿನದರ ಜೊತೆ ಬದಲಾಯಿಸಿ ಓಡಿಸಿ. ಎಳೆತ ಹೋದರೆ ಹಿಂದಕ್ಕೆ ಹೋದದ್ದೇ ಕೆಟ್ಟದ್ದು. ಹೋಗದಿದ್ದರೆ ವಾಪಸ್ ಹಾಕಿ ಇನ್ನೊಂದು ಬದಿ ನೋಡಿ. ಆ ಟೈರಿನ ಗೋಡೆಯ ಮೇಲೆ DOT ಅಂತ ಶುರುವಾಗುವ ಸಂಖ್ಯೆಯ ಕೊನೆಗೆ ನಾಲ್ಕು ಅಂಕಿ ಇರುತ್ತೆ. 1424 ಅಂತಿದ್ದರೆ 2024ರ 14ನೇ ವಾರ ತಯಾರಾದದ್ದು. ಅದರ ಫೋಟೋ, ಬಿಲ್ಲು ಎರಡೂ ಇಟ್ಟುಕೊಂಡು ಟೈರ್ ಕಂಪನಿಗೆ ಕ್ಲೇಮ್ ಹಾಕಿ. ಶೋರೂಮಿನಲ್ಲಿ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡುತ್ತೇವೆ ಅಂದರೆ ಬೇಡ ಅನ್ನಿ.

ಮೈಲೇಜ್ ಮಾವ:
ಬಿಚ್ಚಿದ ಕಂಪನಿ ಟೈರು ಇದ್ದರೆ ಅವನ್ನೇ ಹಾಕಿ ಓಡಿಸಬಹುದಲ್ವಾ?

ತುಂಗಾತೀರ:
ಅವು ಶೋರೂಮಿನಲ್ಲೇ ಇವೆ, ಬದಲಿಗೆ ಕೊಟ್ಟು ದುಡ್ಡು ಕಡಿಮೆ ಮಾಡಿಸಿಕೊಂಡಿದ್ದೆ. ನಾಳೆ ಹೋಗಿ ಕೇಳುತ್ತೇನೆ.

ಅಡಿಕೆ ತೋಟ:
ನನ್ನ ಕಾರಿನಲ್ಲಿ 90 ದಾಟಿದರೆ ಸ್ಟೇರಿಂಗ್ ಗಡಗಡ ನಡುಗುತ್ತೆ. ಇದೂ ಟೈರಾ?

ಟೈ ರಾಡ್:
ಮೊದಲು ವೀಲ್ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು) ಮಾಡಿಸಿ. ಬೇರೆ ಥ್ರೆಡ್ ತೆರೆಯಿರಿ, ಯಾವ ಗಾಡಿ, ಎಷ್ಟು ಓಡಿದೆ, ಟೈರು ಕಂಪನಿಯದಾ ಬದಲಾಯಿಸಿದ್ದಾ, ಎಲ್ಲಾ ಬರೆಯಿರಿ.